ಯಜಮಾನರಿಗೆ ಮಾತ್ರ ಕಾಣದ ಜಪಾನಿ ಅಂಗಡಿ

ನಾನು ಶಿರಸಿಯಲ್ಲಿ ಕೂತು ವೆಬ್‌ಸೈಟ್ ನೋಡಿಕೊಳ್ಳುವ ಕೆಲಸ ಮಾಡುತ್ತೇನೆ. ಗಿರಾಕಿಗಳು ಹೆಚ್ಚಾಗಿ ಹೋಮ್‌ಸ್ಟೇಯವರು. ಯಾಣ, ಗೋಕರ್ಣ, ಕಾರವಾರದ ಕಡೆಯವರು. ಬಹುತೇಕ ಎಲ್ಲರದ್ದೂ ವರ್ಡ್‌ಪ್ರೆಸ್ (ಸೈಟ್ ಕಟ್ಟುವ ಸಿದ್ಧ ತಂತ್ರಾಂಶ) ಸೈಟು. ಹ್ಯಾಕ್ ಆದ ಸೈಟ್ ತೊಳೆಯುವ ಕೆಲಸವೂ ಆಗಾಗ ಬರುತ್ತದೆ.

ಕಳೆದ ಮಳೆಗಾಲದಲ್ಲಿ ಯಾಣದ ದಾರಿಯ ಒಂದು ಹೋಮ್‌ಸ್ಟೇ ಕೇಸು ಬಂತು. ಗೂಗಲ್‌ನಲ್ಲಿ ಅವರ ಹೆಸರು ಹುಡುಕಿದರೆ ಕೆಳಗೆ ಜಪಾನಿ ಅಕ್ಷರ. ಕ್ಲಿಕ್ ಮಾಡಿದರೆ ಬ್ಯಾಗು, ವಾಚು ಮಾರುವ ಯಾವುದೋ ಅಂಗಡಿ. ಬೆಂಗಳೂರಿನ ಅತಿಥಿಯೊಬ್ಬರು ಫೋನ್ ಮಾಡಿ ಹೇಳಿದ ಮೇಲೇ ಯಜಮಾನರಿಗೆ ಗೊತ್ತಾಗಿದ್ದು. ಅವರು ನನಗೆ ಹೇಳಿದ್ದು: "ತಮಾ, ನನ್ ಫೋನಲ್ಲಿ ಎಲ್ಲಾ ಸರಿ ಇದ್ದಲಾ!"

ಅವರ ಫೋನಲ್ಲಿ ಸರಿ ಇರುವಂತೆ ಮಾಡಿದ್ದೇ ಕಳ್ಳರು. ಒಳಗೆ ಸೇರಿಸಿದ ಕೋಡ್ ಮೊದಲು ಬಂದವರು ಯಾರು ಎಂದು ನೋಡುತ್ತದೆ. ಅಡ್ರೆಸ್ ನೇರವಾಗಿ ಟೈಪ್ ಮಾಡಿ ಬಂದರೆ, ಇಲ್ಲವೇ ಅಡ್ಮಿನ್ ಆಗಿ ಲಾಗಿನ್ ಆಗಿದ್ದರೆ, ಸುಮ್ಮನಿರುತ್ತದೆ. ಗೂಗಲ್‌ನಿಂದ ಬಂದವರನ್ನು ಮಾತ್ರ ಅಂಗಡಿಗೆ ದಾಟಿಸುತ್ತದೆ. ಗೂಗಲ್‌ಬಾಟ್, ಅಂದರೆ ಪುಟಗಳನ್ನು ಓದಿಕೊಂಡು ಹೋಗುವ ಗೂಗಲ್‌ನ ಯಂತ್ರ, ಬಂದರೆ ಸಾವಿರಾರು ಸುಳ್ಳು ಪುಟ ತೋರಿಸುತ್ತದೆ. ಹಾಗಾಗಿ ಇಂಥ ಸೈಟನ್ನು ನಾನು ಬ್ರೌಸರ್‌ನಲ್ಲಿ ನೋಡಿ ತೀರ್ಮಾನಕ್ಕೆ ಬರುವುದೇ ಇಲ್ಲ. ಕರ್ಲ್ ಎಂಬ, ಕಮಾಂಡ್ ಕೊಟ್ಟು ಪುಟ ತರಿಸುವ ಸಾಧನ ಬಳಸಿ ಗೂಗಲ್‌ಬಾಟ್ ಹೆಸರಲ್ಲಿ ಪುಟ ಕೇಳುತ್ತೇನೆ. ಕೆಲವು ಕೋಡ್ ಪುಟ ಕೇಳಿದ ಕಂಪ್ಯೂಟರಿನ ಐಪಿ ವಿಳಾಸವನ್ನೂ ಪರೀಕ್ಷಿಸುತ್ತದೆ, ಅದಕ್ಕೆ ಈ ಉಪಾಯ ನಡೆಯುವುದಿಲ್ಲ. ಆಗ ಸೈಟ್ ಮಾಲೀಕರಿಗೆ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನ ಯುಆರ್‌ಎಲ್ ಇನ್‌ಸ್ಪೆಕ್ಷನ್ನೇ ಗತಿ. ಗೂಗಲ್‌ಗೆ ನಿಜವಾಗಿ ಕಂಡದ್ದನ್ನು ಅದು ತೋರಿಸುತ್ತದೆ.

"ನಮ್ಮ ಸಣ್ಣ ಸೈಟಲ್ಲಿ ಅವರಿಗೆ ಎಂತ ಸಿಗ್ತು?" ಎಂದು ಎಲ್ಲರೂ ಕೇಳುತ್ತಾರೆ. ಯಾರೂ ನಿಮ್ಮನ್ನೇ ಹುಡುಕಿಕೊಂಡು ಬಂದಿರುವುದಿಲ್ಲ. ತೂತಿರುವ ಪ್ಲಗಿನ್ (ಸೈಟಿಗೆ ಸೇರಿಸುವ ಹೆಚ್ಚುವರಿ ತಂತ್ರಾಂಶ) ಎಲ್ಲೆಲ್ಲಿದೆ ಎಂದು ಯಂತ್ರಗಳೇ ಹುಡುಕುತ್ತವೆ. ಅವರಿಗೆ ಬೇಕಾಗಿದ್ದು ಹಳೇ ಡೊಮೇನ್‌ಗೆ ಗೂಗಲ್‌ನಲ್ಲಿರುವ ಮರ್ಯಾದೆ. ಅದೇ ಸರ್ವರ್‌ನಿಂದ ಸ್ಪ್ಯಾಮ್ ಮೇಲ್ ಕಳಿಸಬಹುದು, ಬ್ಯಾಂಕಿನ ನಕಲಿ ಪುಟ ಇಡಬಹುದು, ಬೇರೆ ಸೈಟಿನ ಮೇಲೆ ದಾಳಿ ಮಾಡಬಹುದು.

ತೊಳೆಯುವ ಮೊದಲು ಇಡೀ ಸೈಟಿನ ಮತ್ತು ಲಾಗ್‌ಗಳ (ಸೈಟಿಗೆ ಯಾರು ಬಂದು ಏನು ಕೇಳಿದರು ಎಂಬ ದಾಖಲೆ) ಪ್ರತಿ ಇಳಿಸಿಕೊಂಡೆ. ಇದನ್ನು ಬಿಟ್ಟು ನೇರ ಅಳಿಸಲು ಹೊರಟರೆ ಅವರು ಎಲ್ಲಿಂದ ಬಂದರು ಎಂಬುದೂ ಜೊತೆಗೇ ಅಳಿಸಿಹೋಗುತ್ತದೆ. ಆ್ಯಕ್ಸೆಸ್ ಲಾಗ್‌ನಲ್ಲಿ ಅಪ್‌ಲೋಡ್ಸ್ ಫೋಲ್ಡರ್‌ನ ಒಂದು ಪಿಎಚ್‌ಪಿ ಫೈಲಿಗೆ, ಅಂದರೆ ಸರ್ವರ್‌ನಲ್ಲಿ ಓಡುವ ಕೋಡಿಗೆ, ಮೇಲಿಂದ ಮೇಲೆ ಪೋಸ್ಟ್ ರಿಕ್ವೆಸ್ಟ್ (ಹೊರಗಿನಿಂದ ಮಾಹಿತಿ ಕಳಿಸುವ ಕೋರಿಕೆ) ಬಂದಿತ್ತು. ಫೋಟೋ ಇಡುವ ಜಾಗದಲ್ಲಿ ಪಿಎಚ್‌ಪಿಗೆ ಏನು ಕೆಲಸ, ಅಲ್ವಾ? ಅದರ ಹಿಂದಿನ ಸಾಲುಗಳನ್ನು ಓದಿದಾಗ ಅವರು ಒಳಬಂದ ದಾರಿ ಗ್ಯಾಲರಿ ಪ್ಲಗಿನ್ ಎಂದು ಗೊತ್ತಾಯಿತು. ದುಡ್ಡು ಕೊಟ್ಟು ಕೊಳ್ಳಬೇಕಾದದ್ದನ್ನು ಹಿಂದಿನ ಡಿಸೈನರ್ ಎಲ್ಲಿಂದಲೋ ಪುಕ್ಕಟೆ ತಂದು ಹಾಕಿದ್ದರು. ಅಂಥದ್ದಕ್ಕೆ ಅಪ್‌ಡೇಟ್ ಬರುವುದಿಲ್ಲ.

ದುಡ್ಡು ಕೊಟ್ಟರೂ ಪೂರ್ತಿ ನಿಶ್ಚಿಂತೆ ಇಲ್ಲ ಅನ್ನಿ. 2014ರಲ್ಲಿ ಸ್ಲೈಡರ್ ರೆವಲ್ಯೂಷನ್ ಪ್ಲಗಿನ್‌ನ ತೂತಿನಿಂದ ಸೋಕ್‌ಸೋಕ್ ಎಂಬ ಸೋಂಕು ಹರಡಿತು. ಆ ಡಿಸೆಂಬರ್‌ನಲ್ಲಿ ಗೂಗಲ್ 11,000ಕ್ಕೂ ಹೆಚ್ಚು ಡೊಮೇನ್‌ಗಳನ್ನು ಕಪ್ಪು ಪಟ್ಟಿಗೆ ಸೇರಿಸಿತು. ಪ್ಲಗಿನ್ ಥೀಮ್‌ನ (ಸೈಟಿನ ಸಿದ್ಧ ವಿನ್ಯಾಸದ) ಜೊತೆಗೇ ಬಂದಿದ್ದರಿಂದ ಅದು ತಮ್ಮಲ್ಲಿದೆ ಎಂದೇ ಎಷ್ಟೋ ಜನರಿಗೆ ಗೊತ್ತಿರಲಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಫೈಲ್ ಮ್ಯಾನೇಜರ್ ಪ್ಲಗಿನ್‌ನ ಸರದಿ. ಅದು 7 ಲಕ್ಷ ಸೈಟುಗಳಲ್ಲಿತ್ತು. ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ಫೈಲ್ ಏರಿಸಬಹುದಿತ್ತು. 6.9ನೇ ಆವೃತ್ತಿಯಲ್ಲಿ ಸರಿಪಡಿಸಿದರು.

ನಮ್ಮ ಕೇಸಿನಲ್ಲಿ ಸತಾಯಿಸಿದ್ದು ಎಚ್‌ಟಿಆ್ಯಕ್ಸೆಸ್ ಫೈಲು, ಅಂದರೆ ಬಂದವರನ್ನು ಎತ್ತ ಕಳಿಸಬೇಕು ಎಂದು ಸರ್ವರ್‌ಗೆ ಹೇಳುವ ಫೈಲು. ಅಳಿಸಿದರೆ ಕೆಲವೇ ಕ್ಷಣದಲ್ಲಿ ವಾಪಸ್! ಒಂದು ಪಿಎಚ್‌ಪಿ ಪ್ರೊಸೆಸ್ ಮೆಮೊರಿಯಲ್ಲಿ ಓಡುತ್ತಲೇ ಇದ್ದು ಅದನ್ನು ಮತ್ತೆ ಮತ್ತೆ ಬರೆಯುತ್ತಿತ್ತು. ಮೊದಲು ಅದನ್ನು ನಿಲ್ಲಿಸಬೇಕಾಯಿತು. ಆಮೇಲೆ ವರ್ಡ್‌ಪ್ರೆಸ್‌ನ ಮೂಲ ಫೈಲುಗಳನ್ನು ಚೆಕ್‌ಸಮ್‌ನಿಂದ (ಫೈಲು ಬದಲಾದರೆ ತಾನೂ ಬದಲಾಗುವ ಗುರುತಿನ ಸಂಖ್ಯೆ) ಹೋಲಿಸಿದೆ. ಬದಲಾದದ್ದನ್ನು ರಿಪೇರಿ ಮಾಡುತ್ತಾ ಕೂರಲಿಲ್ಲ. ಮೂಲ ಫೈಲು, ಪ್ಲಗಿನ್, ಥೀಮ್ ಎಲ್ಲವನ್ನೂ ಹೊಸದಾಗಿ ಹಾಕಿದೆ. ಸೈಟಿನ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನ ಮೇಲ್ಭಾಗದಲ್ಲಿ, ಬೇರೆ ಫೈಲನ್ನು ಕರೆಯುವ ಒಂದು ಇನ್‌ಕ್ಲೂಡ್ ಸಾಲಿತ್ತು. ಅದು ಕರೆಯುತ್ತಿದ್ದುದು ಐಕಾನ್ ಚಿತ್ರದ ಹೆಸರಿನ ಫೈಲನ್ನು. ತೆರೆದು ನೋಡಿದರೆ ಒಳಗೆ ಬೇಸ್64ನಲ್ಲಿ, ಅಂದರೆ ಓದಿದರೆ ಅರ್ಥವಾಗದ ಅಕ್ಷರ ರೂಪದಲ್ಲಿ, ಸುತ್ತಿಟ್ಟ ಪಿಎಚ್‌ಪಿ. ಫೈಲಿನ ತಾರೀಕನ್ನು ನಂಬಬೇಡಿ, ಅದನ್ನು ಹಿಂದಕ್ಕೆ ತಿದ್ದುವುದು ಸುಲಭ. ಹೋಸ್ಟಿಂಗ್‌ನವರ ಸ್ಕ್ಯಾನರ್ ಈ ಸೈಟ್ ಸ್ವಚ್ಛವಾಗಿದೆ ಎಂದೇ ಹೇಳಿತ್ತು.

ಡೇಟಾಬೇಸಲ್ಲಿ ಒಬ್ಬ ಹೆಚ್ಚಿನ ಅಡ್ಮಿನ್ ಇದ್ದ. ಡ್ಯಾಶ್‌ಬೋರ್ಡಿನ ಪಟ್ಟಿಯಲ್ಲಿ ಅವನ ಹೆಸರೇ ಕಾಣದಂತೆ ಕೋಡ್ ಹಾಕಿದ್ದರು, ಹಾಗಾಗಿ ಯೂಸರ್ ಟೇಬಲ್ಲನ್ನು ನೇರವಾಗಿಯೇ ನೋಡಬೇಕು. ಸರ್ಚ್ ಕನ್ಸೋಲ್‌ನಲ್ಲೂ ಗುರುತಿಲ್ಲದ ಒಬ್ಬ ಮಾಲೀಕ ಸೇರಿಕೊಂಡಿದ್ದ. ಜಪಾನಿ ಸೋಂಕಿನಲ್ಲಿ ಇದು ಮಾಮೂಲಿ. ತಮ್ಮ ಸುಳ್ಳು ಪುಟಗಳ ಪಟ್ಟಿಯನ್ನು (ಸೈಟ್‌ಮ್ಯಾಪ್) ಗೂಗಲ್‌ಗೆ ಸಲ್ಲಿಸಲು ಅವರಿಗೆ ಆ ಅಧಿಕಾರ ಬೇಕು. ದೃಢೀಕರಣದ ಫೈಲನ್ನೂ ಅಳಿಸಿ, ಅವನನ್ನು ಹೊರಹಾಕಿದೆ. ಎಲ್ಲ ಪಾಸ್‌ವರ್ಡ್ ಬದಲಿಸಿದೆ. ಲಾಗಿನ್ ಕುಕೀಗೆ ಬೀಗ ಹಾಕುವ ಸಾಲ್ಟ್ ಕೀಗಳನ್ನೂ ಬದಲಿಸಿದೆ, ಆಗಲೇ ಹಳೇ ಲಾಗಿನ್‌ಗಳು ಸಾಯುವುದು.

ಬ್ಯಾಕಪ್ ಹಾಕಿದ್ದರೆ ಆಗುತ್ತಿತ್ತಲ್ಲ ಎನ್ನಬಹುದು. ನೋಡಿದೆ. ಹೋಸ್ಟಿಂಗ್‌ನಲ್ಲಿದ್ದ ಬ್ಯಾಕಪ್‌ಗಳಲ್ಲೂ ಅದೇ ಐಕಾನ್ ಫೈಲಿತ್ತು. ಸೋಂಕು ಬಂದು ಸೇರಿದ್ದು ಬೇಸಿಗೆಯಲ್ಲಿ, ಆಟ ಶುರುವಾಗಿದ್ದು ಮಳೆಗಾಲದಲ್ಲಿ.

ಅದೇ ಹೋಸ್ಟಿಂಗ್ ಖಾತೆಯಲ್ಲಿ ಅವರ ಭಾವನವರ ಅಡಿಕೆ ಸಸಿ ನರ್ಸರಿಯ ಹಳೇ ಸೈಟೂ ಇತ್ತು. "ಅದನ್ನ ಯಾರೂ ನೋಡದಿಲ್ಲೆ, ಬಿಡು ತಮಾ" ಎಂದರು. ತೋಟಕ್ಕೆ ಕೊಳೆರೋಗ ಬಿದ್ದಾಗ ಒಂದೇ ಮರಕ್ಕೆ ಮದ್ದು ಹೊಡೆದು ಇಳಿಯುತ್ತೇವಾ? ಒಂದೇ ಖಾತೆಯಾದರೆ ಒಂದು ಸೈಟಿನ ಕೋಡ್ ಇನ್ನೊಂದರ ಫೈಲ್ ಬರೆಯಬಲ್ಲದು. ಅಲ್ಲೂ ಅದೇ ಸೋಂಕಿತ್ತು. ನರ್ಸರಿ ಸೈಟನ್ನು ತೆಗೆದೇ ಹಾಕಿದೆವು. ಡೊಮೇನ್ ಮಾತ್ರ ಉಳಿಸಿಕೊಳ್ಳಲು ಹೇಳಿದೆ, ಇಲ್ಲದಿದ್ದರೆ ಅದನ್ನೂ ಯಾರಾದರೂ ಕೊಂಡು ಅಂಗಡಿ ಇಡುತ್ತಾರೆ.

ಅಪ್‌ಲೋಡ್ಸ್‌ನಲ್ಲಿ ಪಿಎಚ್‌ಪಿ ಓಡದಂತೆ ತಡೆದೆ. ಅಪ್‌ಡೇಟ್ ತಾನಾಗಿ ಆಗುವಂತೆ ಇಟ್ಟೆ, ಲಾಗಿನ್‌ಗೆ ಓಟಿಪಿ ಸೇರಿಸಿದೆ. ಸುಳ್ಳು ಪುಟಗಳು ಈಗ 404 (ಪುಟ ಇಲ್ಲ ಎಂಬ ಉತ್ತರ) ಕೊಡುತ್ತವೆ. ಗೂಗಲ್ ಒಂದೊಂದನ್ನೇ ಬಂದು ನೋಡಿ ಕೈಬಿಡಬೇಕು, ಅದು ನಿಧಾನ. ಯಜಮಾನರು ಈಗಲೂ ಆಗಾಗ ಸ್ಕ್ರೀನ್‌ಶಾಟ್ ಕಳಿಸಿ "ಇನ್ನೂ ಒಂದು ಇದ್ದು ನೋಡು" ಎನ್ನುತ್ತಾರೆ.