ಸೊಂಟ ಉಳುಕದಂತೆ ಭಾರ ಎತ್ತುವುದು ಹೇಗೆ?

ಜಿಮ್ ಸೇರಿದ ಎರಡನೇ ವಾರಕ್ಕೇ ಸೊಂಟ ಹಿಡಿದುಕೊಂಡು ಮನೆಗೆ ಹೋದವರನ್ನು 14 ವರ್ಷಗಳಿಂದ ನೋಡುತ್ತಿದ್ದೇನೆ. ಹಲವರಿಗೆ ಹಾಗಾಗಿದ್ದು ಡೆಡ್‌ಲಿಫ್ಟ್ ಮಾಡುವಾಗ. ನೆಲದ ಮೇಲಿನ ರಾಡ್ ಹಿಡಿದು ನೆಟ್ಟಗೆ ನಿಲ್ಲುವುದು, ಮತ್ತೆ ಕೆಳಗಿಡುವುದು, ನೋಡುವುದಕ್ಕೆ ಇಷ್ಟೇ. ಅಡುಗೆಮನೆಯ ಸಿಲಿಂಡರ್, 20 ಲೀಟರಿನ ನೀರಿನ ಕ್ಯಾನ್, 25 ಕೆ.ಜಿ. ಅಕ್ಕಿ ಚೀಲ, ಚಾಪೆಯ ಮೇಲೆ ನಿದ್ದೆ ಹೋದ ಮಗು, ಎಲ್ಲವನ್ನೂ ನಾವು ಎತ್ತುವುದು ಹೀಗೆಯೇ. ಆದ್ದರಿಂದ ಜಿಮ್ ಮೆಟ್ಟಿಲು ಹತ್ತದವರೂ ಇದನ್ನು ಕಲಿಯಲೇಬೇಕು.

ತೊಂದರೆ ಶುರುವಾಗುವುದು ನಮ್ಮ ಮಾತಿನಿಂದಲೇ. ಕನ್ನಡದಲ್ಲಿ ಸೀರೆ ಸಿಕ್ಕಿಸುವ ಜಾಗವೂ ಸೊಂಟ, ಮಗುವನ್ನು ಕೂರಿಸಿಕೊಳ್ಳುವ ಪಕ್ಕದ ಮೂಳೆಯೂ ಸೊಂಟ, ನೋವು ಬರುವ ಬೆನ್ನಿನ ಕೆಳಭಾಗವೂ ಸೊಂಟವೇ. ತರಬೇತುದಾರ ‘ಸೊಂಟದಿಂದ ಬಗ್ಗು’ ಎನ್ನುತ್ತಾನೆ, ಹುಡುಗ ಬೆಲ್ಟ್ ಕಟ್ಟುವ ಜಾಗದಿಂದ ಬಗ್ಗುತ್ತಾನೆ. ಅಲ್ಲಿರುವುದು ಬೆನ್ನೆಲುಬಿನ ಕೆಳಗಿನ ಐದು ಮಣಿಗಳು, ಅವುಗಳ ನಡುವೆ ಮೆತ್ತೆಯಂತಿರುವ ಡಿಸ್ಕ್‌ಗಳು. ನಿಜಕ್ಕೂ ಮಡಚಬೇಕಾದ ಕೀಲು ಅದಕ್ಕಿಂತ ಸುಮಾರು ಒಂದು ಗೇಣು ಕೆಳಗಿದೆ. ತೊಡೆಮೂಳೆಯ ಗುಂಡು ತಲೆ ಬಟ್ಟಲಿನೊಳಗೆ ಕೂತಿರುವ ಜಾಗ ಅದು. ಕುರ್ಚಿಯ ಮೇಲೆ ಕೂತಾಗ ಪ್ಯಾಂಟಿಗೆ ನೆರಿಗೆ ಬೀಳುತ್ತದಲ್ಲ, ಅಲ್ಲಿ. ಪಾಠ ಮಾಡುವಾಗ ನಾನು ‘ಸೊಂಟ’ ಎಂಬ ಪದವನ್ನೇ ಬಿಟ್ಟಿದ್ದೇನೆ. ‘ತೊಡೆಸಂದಿನಲ್ಲಿ ಮಡಚಿ’ ಎನ್ನುತ್ತೇನೆ. ಅರ್ಧ ಜನ ಅಷ್ಟಕ್ಕೇ ಸರಿಹೋಗುತ್ತಾರೆ.

ಉಳಿದ ಅರ್ಧಕ್ಕೆ ಮುಂದಿನ ಹಂತಗಳು. ಅದಕ್ಕೂ ಮುನ್ನ ಎರಡು ಎಚ್ಚರಿಕೆ. ನೋವು ಪೃಷ್ಠದಿಂದ ಕಾಲಿನವರೆಗೆ ಎಳೆಯುತ್ತಿದ್ದರೆ, ಪಾದ ಜೋಮು ಹಿಡಿಯುತ್ತಿದ್ದರೆ ಮೊದಲು ವೈದ್ಯರಿಗೆ ತೋರಿಸಿ. ಎರಡನೆಯದು, ಹಾಸಿಗೆಯಿಂದ ಎದ್ದ ಕೂಡಲೇ ಭಾರಕ್ಕೆ ಕೈ ಹಾಕಬೇಡಿ. ರಾತ್ರಿ ಮಲಗಿದ್ದಾಗ ಡಿಸ್ಕ್‌ಗಳು ನೀರು ಹೀರಿಕೊಂಡು ಉಬ್ಬಿರುತ್ತವೆ. ಬೆಳಿಗ್ಗೆ ನಮ್ಮ ಎತ್ತರ ಒಂದು ಸೆಂಟಿಮೀಟರಿನಷ್ಟು ಹೆಚ್ಚಿರುವುದು ಅದರಿಂದಲೇ. ಉಬ್ಬಿದ ಡಿಸ್ಕ್ ಬಗ್ಗಿದಾಗ ಹೆಚ್ಚು ಬಿಗಿಯುತ್ತದೆ. ಎದ್ದು ಒಂದು ಗಂಟೆ ಓಡಾಡಿ, ಆಮೇಲೆ ಎತ್ತಿ.

ಮೊದಲ ಹಂತಕ್ಕೆ ಬೇಕಾದದ್ದು ಗೋಡೆ ಮಾತ್ರ. ಗೋಡೆಗೆ ಬೆನ್ನು ಮಾಡಿ, ಹಿಮ್ಮಡಿಗೂ ಗೋಡೆಗೂ ಒಂದು ಗೇಣು ಅಂತರ ಬಿಟ್ಟು ನಿಲ್ಲಿ. ಮಂಡಿ ಒಂಚೂರು ಸಡಿಲವಿರಲಿ. ಎರಡೂ ಅಂಗೈಗಳ ಅಂಚನ್ನು ತೊಡೆಸಂದಿನ ನೆರಿಗೆಗೆ ಒತ್ತಿ, ಆ ಕೈಗಳನ್ನು ಮಡಿಕೆಯೊಳಗೆ ಸಿಕ್ಕಿಸುವಂತೆ ಪೃಷ್ಠವನ್ನು ಹಿಂದಕ್ಕೆ ತಳ್ಳಿ. ಕೈಯಲ್ಲಿ ಸಾಮಾನು ತುಂಬಿದ್ದಾಗ ಹಿಂದಿನ ಬಾಗಿಲನ್ನು ತಳ್ಳಿ ಮುಚ್ಚುತ್ತೀರಲ್ಲ, ಹಾಗೆ. ಪೃಷ್ಠ ಗೋಡೆಗೆ ತಾಗಿದ ಮೇಲೆ ಎದ್ದು ನಿಲ್ಲಿ. ಹತ್ತು ಸಲ ಆದ ಮೇಲೆ ಅರ್ಧ ಹೆಜ್ಜೆ ಮುಂದೆ ಸರಿದು ಮತ್ತೆ ಮಾಡಿ. ತೊಡೆಯ ಹಿಂದೆ ತಂತಿ ಬಿಗಿದಂತೆ ಎಳೆದರೆ ಸರಿಯಾಗಿ ಮಾಡುತ್ತಿದ್ದೀರಿ ಎಂದರ್ಥ. ಎಳೆತ ಬೆನ್ನಿನಲ್ಲಿ ಕಂಡರೆ ಬಗ್ಗುತ್ತಿರುವುದು ಬೆನ್ನೇ.

ಎರಡನೇ ಹಂತದಲ್ಲಿ ಆತುರ ಬೇಡವೇ ಬೇಡ. ಎಲ್ಲರೂ ಎಡವುವುದು ಇಲ್ಲಿಯೇ. ಜೇಡರ ಬಲೆ ತೆಗೆಯುವ ಕೋಲೋ ನೆಲ ಒರೆಸುವ ಕೋಲೋ ತೆಗೆದುಕೊಳ್ಳಿ. ಅದನ್ನು ಬೆನ್ನುದ್ದಕ್ಕೂ ನೆಟ್ಟಗೆ ಹಿಡಿಯಿರಿ, ಒಂದು ಕೈ ಕತ್ತಿನ ಹಿಂದೆ, ಇನ್ನೊಂದು ಕೈ ಬೆನ್ನಿನ ಕೆಳಗೆ. ಕೋಲು ಮೂರು ಕಡೆ ತಾಗಬೇಕು: ತಲೆಯ ಹಿಂಭಾಗ, ಎರಡು ಹೆಗಲ ಮೂಳೆಗಳ ನಡುವೆ, ಪೃಷ್ಠದ ಮೇಲಿನ ತ್ರಿಕೋನದ ಮೂಳೆ. ಬೆನ್ನಿನ ಕೆಳಭಾಗದ ಸಹಜ ತಗ್ಗಿನಲ್ಲಿ ಕೋಲಿಗೂ ಮೈಗೂ ಅಂಗೈ ತೂರುವಷ್ಟು ಜಾಗ ಇರುತ್ತದೆ. ಈಗ ಗೋಡೆಯ ಹತ್ತಿರ ಮಾಡಿದಂತೆಯೇ ಮಡಚಿ. ತ್ರಿಕೋನದ ಮೂಳೆಯಿಂದ ಕೋಲು ಬಿಟ್ಟುಕೊಂಡರೆ ಬೆನ್ನು ಗೂನಾಯಿತು. ಅಂಗೈ ಜಾಗ ಮುಷ್ಟಿಯಷ್ಟಾದರೆ ಬೆನ್ನನ್ನು ಅತಿಯಾಗಿ ಒಳಕ್ಕೆ ಬಾಗಿಸಿದ್ದೀರಿ. ತಲೆಯಿಂದ ಕೋಲು ಬಿಟ್ಟರೆ ಕತ್ತು ಜೋತುಬಿತ್ತು. ಮೂರೂ ತಾಗಿಕೊಂಡೇ ಎಷ್ಟು ಕೆಳಗೆ ಹೋಗಬಲ್ಲಿರೋ ಅಷ್ಟೇ ನಿಮ್ಮ ಈ ಹೊತ್ತಿನ ಆಳ. ಮೊದಲ ದಿನ ಕೈ ಮಂಡಿಯವರೆಗೂ ಹೋಗದಿದ್ದರೂ ಪರವಾಗಿಲ್ಲ. ದಿನಕ್ಕೆ 20 ಸಲದಂತೆ ಎರಡು ವಾರ ಇದನ್ನೇ ಮಾಡಿ. ಎರಡೇ ದಿನಕ್ಕೆ ರಾಡ್ ಕೊಡಿ ಎನ್ನುವವರಿಗೆ ನಾನು ಕೊಡುವುದಿಲ್ಲ.

ನನ್ನ ಅಜ್ಜಿಗೆ ಈ ಪಾಠ ಯಾರೂ ಹೇಳಿಕೊಟ್ಟಿರಲಿಲ್ಲ. ಅಂಗಳ ಸಾರಿಸಿ ರಂಗೋಲಿಗೆ ಬಗ್ಗಿದರೆ ಮಂಡಿ ತುಸು ಸಡಿಲ, ಪೃಷ್ಠ ಹಿಂದಕ್ಕೆ, ಬೆನ್ನು ಮಣೆಯಂತೆ ಚಪ್ಪಟೆ. ಎಡಗೈ ತೊಡೆಯ ಮೇಲೆ, ಬಲಗೈ ಬೆರಳ ಸಂದಿನಿಂದ ಪುಡಿ ಎಳೆಎಳೆಯಾಗಿ ಇಳಿಯುತ್ತಿತ್ತು. ಹನ್ನೊಂದು ಚುಕ್ಕಿಯ ರಂಗೋಲಿ ಮುಗಿಯುವವರೆಗೂ ಆ ಬೆನ್ನು ಗೂನಾಗುತ್ತಿರಲಿಲ್ಲ. ದಿನವಿಡೀ ಕುರ್ಚಿಯಲ್ಲಿ ಮುಂದಕ್ಕೆ ಬಾಗಿ ಕೂರುವ ನಾವು ಆ ಮಡಿಕೆಯನ್ನು ಮರೆತಿದ್ದೇವೆ. ಅದಕ್ಕೇ ಕೋಲು ಬೇಕು.

‘ಮಂಡಿ ಬಗ್ಗಿಸಿ ಎತ್ತಿ ಅಂತ ಎಲ್ಲರೂ ಹೇಳ್ತಾರಲ್ಲ ಸರ್?’ ಎಂದು ಒಬ್ಬ ಅಕ್ಕ ಕೇಳಿದರು. ‘ಎತ್ತಿ ತೋರಿಸಿ ಅಕ್ಕ’ ಎಂದೆ. ಬಸ್ಕಿ ಹೊಡೆದಂತೆ ಪೂರ್ತಿ ಕೂತರು, ಹಿಮ್ಮಡಿ ಮೇಲೆದ್ದಿತು, ನೀರಿನ ಕ್ಯಾನ್ ಮಂಡಿಗಳಿಂದ ಆಚೆ ಉಳಿಯಿತು, ಅದನ್ನು ಮುಟ್ಟಲು ಬೆನ್ನು ಗೂನು ಮಾಡಲೇಬೇಕಾಯಿತು. ಮಂಡಿ ಬಗ್ಗಬೇಕು, ನಿಜ. ಆದರೆ ಮೊದಲು ಪೃಷ್ಠ ಹಿಂದೆ ಹೋಗಬೇಕು, ಮಂಡಿ ಅದಕ್ಕೆ ಬೇಕಾದಷ್ಟೇ ಬಗ್ಗಬೇಕು. ಭಾರ ಮೈಗೆ ಅಂಟಿಕೊಂಡಿರಬೇಕು.

ಯಾಕೆ ಅಂಟಿಕೊಂಡಿರಬೇಕು ಎನ್ನುವುದು ಸನ್ನೆಕೋಲಿನ ಲೆಕ್ಕ. ಬೆನ್ನನ್ನು ಎತ್ತಿ ನಿಲ್ಲಿಸುವ ಸ್ನಾಯುಗಳು ಬೆನ್ನೆಲುಬಿನ ನಡುವಿನಿಂದ ಹೆಚ್ಚೂಕಡಿಮೆ 5 ಸೆಂ.ಮೀ. ದೂರದಲ್ಲಿ ಎಳೆಯುತ್ತವೆ. 20 ಕೆ.ಜಿ.ಯನ್ನು ಬೆನ್ನೆಲುಬಿನಿಂದ 40 ಸೆಂ.ಮೀ. ಮುಂದೆ ಹಿಡಿದರೆ ಆ ಸ್ನಾಯುಗಳು 160 ಕೆ.ಜಿ.ಯಷ್ಟು ಬಲ ಹಾಕಬೇಕು. ಅದೇ ಭಾರ 20 ಸೆಂ.ಮೀ. ದೂರದಲ್ಲಿದ್ದರೆ 80 ಸಾಕು. ಮುಂದಕ್ಕೆ ಬಾಗಿದ ಮೈಯ ತೂಕ ಇದರ ಮೇಲೆ ಬೇರೆ. ಅಷ್ಟೂ ಬಲ ಕಡೆಗೆ ಒತ್ತುವುದು ಡಿಸ್ಕ್‌ಗಳನ್ನೇ.

ಮೂರನೇ ಹಂತ, ರಾಡ್. ಒಲಿಂಪಿಕ್ ರಾಡ್ ಒಂದೇ 20 ಕೆ.ಜಿ. ತೂಗುತ್ತದೆ, ಮಹಿಳೆಯರದು 15. ಅದಕ್ಕೆ 45 ಸೆಂ.ಮೀ. ವ್ಯಾಸದ ದೊಡ್ಡ ಪ್ಲೇಟ್ ಹಾಕಿದಾಗ ರಾಡ್ ನೆಲದಿಂದ 22.5 ಸೆಂ.ಮೀ. ಮೇಲಿರುತ್ತದೆ. ಸಣ್ಣ ಕಬ್ಬಿಣದ ಪ್ಲೇಟ್‌ಗಳಷ್ಟೇ ಇದ್ದರೆ ರಾಡ್ ತೀರಾ ಕೆಳಗಿಳಿಯುತ್ತದೆ, ಹೊಸಬರ ಬೆನ್ನು ಗೂನಾಗುವುದು ಆ ನಾಲ್ಕು ಬೆರಳಿನಲ್ಲೇ. ಆಗ ಎರಡೂ ಕಡೆ ಮರದ ದಿಮ್ಮಿಯೋ ಬೇರೆ ಪ್ಲೇಟ್‌ಗಳೋ ಇಟ್ಟು ರಾಡ್ ಎತ್ತರಿಸಿಕೊಳ್ಳಿ. ಕಂಬಗಳ ನಡುವೆ ಹಳಿಯ ಮೇಲೆ ಜಾರುವ ಸ್ಮಿತ್ ಮಷೀನಿನಲ್ಲಿ ಇದನ್ನು ಕಲಿಯಬೇಡಿ. ಅದು ತನ್ನ ಹಳಿಯನ್ನು ಬಿಟ್ಟು ಕದಲುವುದಿಲ್ಲ, ನಿಮ್ಮ ಮೈಯೇ ಅದಕ್ಕೆ ತಕ್ಕಂತೆ ವಕ್ರವಾಗುತ್ತದೆ.

ಪಾದಗಳ ನಡುವೆ ಒಂದು ಗೇಣು ಬಿಟ್ಟು, ಶೂ ಲೇಸಿನ ಗಂಟಿನ ಮೇಲೆ ರಾಡ್ ಬರುವಂತೆ ನಿಲ್ಲಿ. ಪೃಷ್ಠ ಹಿಂದಕ್ಕೆ ತಳ್ಳಿ ಮಡಚಿ, ಕಾಲುಗಳ ಹೊರಗಿನಿಂದ ರಾಡ್ ಹಿಡಿಯಿರಿ. ಮಂಡಿಯ ಕೆಳಗಿನ ಎಲುಬು ರಾಡ್‌ಗೆ ತಾಗುವವರೆಗೆ ಮಂಡಿ ಮುಂದೆ ತನ್ನಿ, ರಾಡ್ ಮಾತ್ರ ಕದಲಬಾರದು. ಮಡಚಿದ ಪೇಪರನ್ನು ಕಂಕುಳಿಂದ ಬೀಳದಂತೆ ಅವುಚಿಕೊಂಡ ಹಾಗೆ ತೋಳು ಬಿಗಿಯಿರಿ. ಹೊಟ್ಟೆಗೆ ಉಸಿರು ತುಂಬಿ, ಯಾರೋ ಬೆರಳಿನಿಂದ ಚುಚ್ಚಲು ಬರುತ್ತಿರುವಂತೆ ಹೊಟ್ಟೆ ಗಟ್ಟಿ ಮಾಡಿ. ರಕ್ತದೊತ್ತಡ, ಹರ್ನಿಯಾ ಇರುವವರು ಉಸಿರು ಕಟ್ಟಬಾರದು. ಅವರು ವೈದ್ಯರನ್ನು ಕೇಳಿ ಹಗುರ ಭಾರವನ್ನೇ ಉಸಿರು ಬಿಡುತ್ತಾ ಎತ್ತಲಿ.

ಈಗ ಒಮ್ಮೆಗೇ ಜಗ್ಗಬೇಡಿ. ರಾಡನ್ನು ಮೆಲ್ಲಗೆ ಮೇಲಕ್ಕೆ ಎಳೆದರೆ ಪ್ಲೇಟಿನ ತೂತಿಗೆ ತಾಗಿ ‘ಟಕ್’ ಎಂದು ಸದ್ದು ಬರುತ್ತದೆ. ಆ ಸದ್ದಾದ ಮೇಲೆ ಪಾದದಿಂದ ನೆಲವನ್ನು ಕೆಳಕ್ಕೆ ಒತ್ತಿ. ಎದೆ ಮತ್ತು ಪೃಷ್ಠ ಒಟ್ಟಿಗೇ ಮೇಲೇಳಬೇಕು. ಪೃಷ್ಠ ಮೊದಲೆದ್ದು ಎದೆ ಕೆಳಗೇ ಉಳಿದರೆ ಭಾರವೆಲ್ಲ ಬೆನ್ನಿಗೆ ಬೀಳುತ್ತದೆ. ನನ್ನ ಬೆನ್ನು ಹಿಡಿದುಕೊಂಡದ್ದು ಹೀಗೆಯೇ. ಕಲಿಯುವ ದಿನಗಳಲ್ಲಿ ಒಂದು ಜಿಮ್‌ನಲ್ಲಿ ‘ಇನ್ನೊಂದು, ಇನ್ನೊಂದು’ ಎಂದು ಹುರಿದುಂಬಿಸುತ್ತಿದ್ದಾಗ ಏಳನೆಯ ಸಲಕ್ಕೆ ಪೃಷ್ಠ ಮುಂಚೆಯೇ ಎದ್ದುಬಿಟ್ಟಿತು. ಮುಂದಿನ ಹತ್ತು ದಿನ ಚಪ್ಪಲಿ ಮೆಟ್ಟುವುದಕ್ಕೂ ಗೋಡೆ ಹಿಡಿಯಬೇಕಾಯಿತು. ಆದ್ದರಿಂದ ನನ್ನ ಬಳಿ ಕಲಿಯುವವರು ಒಂದು ಸುತ್ತಿಗೆ ಐದೇ ಸಲ ಎತ್ತುತ್ತಾರೆ, ಹಾಗೆ ಮೂರು ಸುತ್ತು.

ನೆಟ್ಟಗೆ ನಿಂತಲ್ಲಿಗೆ ಮುಗಿಯಿತು, ಹಿಂದಕ್ಕೆ ವಾಲಬೇಡಿ. ಇಳಿಸುವಾಗ ಮತ್ತೆ ಪೃಷ್ಠ ಮೊದಲು ಹಿಂದಕ್ಕೆ, ರಾಡ್ ಮಂಡಿ ದಾಟಿದ ಮೇಲೆ ಮಂಡಿ ಬಗ್ಗಿಸಿ.

ಬೆಲ್ಟ್ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮೊದಲ ವರ್ಷ ಬೇಡ. ಚರ್ಮದ ಅಗಲ ಬೆಲ್ಟ್ ಇರುವುದು ಹೊಟ್ಟೆ ಗಟ್ಟಿ ಮಾಡಲು ಬಲ್ಲವರು ಅದಕ್ಕೆ ಒತ್ತಿ ನಿಲ್ಲಲಿ ಎಂದು. ಬೆವರು ಸುರಿಸಿ ಹೊಟ್ಟೆ ಕರಗಿಸುತ್ತೇವೆ ಎಂದು ಮಾರುವ ರಬ್ಬರ್ ಪಟ್ಟಿಗಂತೂ ದುಡ್ಡು ಹಾಕಲೇಬೇಡಿ, ಅದರಿಂದ ಹೋಗುವುದು ನೀರು ಮಾತ್ರ. ಮೆತ್ತನೆ ಅಡಿಯ ಓಟದ ಶೂ ಕೂಡ ಇಲ್ಲಿಗೆ ಹೊಂದುವುದಿಲ್ಲ, ಹಾಸಿಗೆಯ ಮೇಲೆ ನಿಂತು ಭಾರ ಎತ್ತಿದ ಹಾಗಾಗುತ್ತದೆ. ಚಪ್ಪಟೆ ಅಡಿಯ ಕ್ಯಾನ್ವಾಸ್ ಶೂ ಸಾಕು. ನನಗೆ ಬರಿಗಾಲೇ ಇಷ್ಟ.

ಉತ್ತರ ಕರ್ನಾಟಕದ ಜಾತ್ರೆಗಳಲ್ಲಿ ಸಂಗ್ರಾಣಿ ಕಲ್ಲು ಎತ್ತುವವರು ಬೆನ್ನು ಬಾಗಿಸುತ್ತಾರಲ್ಲ ಎಂದು ವಾದಿಸುವವರಿದ್ದಾರೆ. ಆ ಕಲ್ಲಿಗೆ ಹಿಡಿಯಿಲ್ಲ, ತಬ್ಬಿಕೊಂಡೇ ಎತ್ತಬೇಕು. ಆ ಪೈಲ್ವಾನರ ಬೆನ್ನು ಗಟ್ಟಿಯಾಗಿರುವುದು ವರ್ಷಗಟ್ಟಲೆ ಸಾಮು ಮಾಡಿ. ಅವರ ಬಗ್ಗೆ ನನಗೆ ಅಪಾರ ಗೌರವವಿದೆ. ನಿನ್ನೆ ಜಿಮ್‌ಗೆ ಬಂದವರು ಅವರನ್ನು ಅನುಕರಿಸಬಾರದು.

ಭಾರ ಏರಿಸುವುದು ವಾರಕ್ಕೆ 2.5 ಕೆ.ಜಿ. ಮಾತ್ರ. ಫೋನನ್ನು ಪಕ್ಕದಲ್ಲಿ, ತೊಡೆಯ ಎತ್ತರಕ್ಕೆ ಇಟ್ಟು ಪ್ರತಿ ವಾರ ಒಂದು ಸುತ್ತು ವಿಡಿಯೊ ಮಾಡಿ. ಪಕ್ಕದ ಕನ್ನಡಿ ನೋಡುತ್ತಾ ಎತ್ತಿದರೆ ಕತ್ತು ತಿರುಚಿಕೊಳ್ಳುತ್ತದೆ. ವಿಡಿಯೊದಲ್ಲಿ ನಾಲ್ಕನೆಯ ಸಲಕ್ಕೆ ಬೆನ್ನು ಗೂನಾಗಿದ್ದರೆ ಮುಂದಿನ ವಾರ ಭಾರ ಇಳಿಸಿ, ಏರಿಸಬೇಡಿ.

ಮನೆಯಲ್ಲಿ ಮಾಡುವವರು ಅರ್ಧ ನೀರು ತುಂಬಿದ, ಹಿಡಿ ಇರುವ ಬಕೆಟ್‌ನಿಂದ ಶುರು ಮಾಡಿ. ಎರಡೂ ಪಾದಗಳ ನಡುವೆ ಬಕೆಟ್ ಇರಲಿ, ಮುಂದೆ ಬೇಡ. 14.2 ಕೆ.ಜಿ.ಯ ಗ್ಯಾಸ್ ತುಂಬಿದ ಸಿಲಿಂಡರ್ ತನ್ನ ಕಬ್ಬಿಣವೂ ಸೇರಿ 30 ಕೆ.ಜಿ. ಆಸುಪಾಸು ತೂಗುತ್ತದೆ. ಸಮತಟ್ಟು ನೆಲದಲ್ಲಿ ಅದನ್ನು ಎತ್ತಬೇಡಿ, ತುಸು ವಾಲಿಸಿ ಬುಡದ ಬಳೆಯ ಮೇಲೆ ತಿರುಗಿಸುತ್ತಾ ಸಾಗಿಸಿ. ನೀರಿನ ಕ್ಯಾನನ್ನು ನೆಲದಿಂದ ನೇರ ಸ್ಟ್ಯಾಂಡಿನ ಮೇಲಕ್ಕೆ ಏರಿಸುವುದೂ ಬೇಡ. ಮಡಚಿ, ತಬ್ಬಿ, ಮೊದಲು ಪಕ್ಕದ ಸ್ಟೂಲಿನ ಮೇಲಿಡಿ. ಉಸಿರು ಸುಧಾರಿಸಿಕೊಂಡು ಅಲ್ಲಿಂದ ಮೇಲಕ್ಕೆತ್ತಿ. ತಿರುಗಬೇಕಾದಾಗ ಮೈ ತಿರುಚದೆ ಪಾದ ಎತ್ತಿಟ್ಟು ತಿರುಗಿ.