ಹಿಂಭಾರವಾದ ಟ್ರೇಲರನ್ನು ನಾನು ಸರಿಪಡಿಸಿಕೊಂಡ ಬಗೆ

ನಾನಿರುವ ಅಮೆರಿಕದ ಮಿನ್ನೆಸೋಟ ರಾಜ್ಯದಲ್ಲಿ ವಾಲ್‌ಐ ಮೀನು ಹಿಡಿಯುವ ಹಂಗಾಮು ಮೇ ತಿಂಗಳಲ್ಲಿ ತೆರೆಯುತ್ತದೆ. ಆ ದಿನಕ್ಕೆ ಸರಿಯಾಗಿ ನೀರಿಗಿಳಿಯಬೇಕೆಂಬ ಆಸೆಯಿಂದ, ಸರೋವರಗಳ ಮೇಲೆ ಇನ್ನೂ ಮಂಜುಗಡ್ಡೆ ಕೂತಿರುವಾಗಲೇ, 17 ಅಡಿ ಉದ್ದದ ಹೊಸ ಅಲ್ಯೂಮಿನಿಯಂ ದೋಣಿಯೊಂದನ್ನು ಕೊಂಡೆ. ದೋಣಿ, 90 ಅಶ್ವಶಕ್ತಿಯ ಎಂಜಿನ್ ಮತ್ತು ಎರಡನ್ನೂ ಹೊರುವ ಒಂಟಿ ಆಕ್ಸಲ್‌ನ (ಚಕ್ರಗಳ ಅಚ್ಚಿನ) ಟ್ರೇಲರ್ ಮೂರೂ ಒಂದೇ ಬೆಲೆಯಲ್ಲಿ ಸೇರಿದ್ದವು. ಅಂಗಡಿಯಲ್ಲಿ ನಾನು ದೋಣಿಯನ್ನು ನಾಲ್ಕು ಸುತ್ತು ಹಾಕಿ ನೋಡಿದೆನೇ ಹೊರತು ಟ್ರೇಲರಿನ ಕಡೆಗೆ ಬಗ್ಗಿಯೂ ನೋಡಲಿಲ್ಲ. ಅದರ ಮೇಲಿನ ಫಲಕದಲ್ಲಿದ್ದ ಭಾರದ ಮಿತಿ ನನ್ನ ದೋಣಿಯ ತೂಕಕ್ಕಿಂತ ಹೆಚ್ಚಿದೆ ಎಂಬುದಷ್ಟೇ ನನಗೆ ಸಾಕೆನಿಸಿತ್ತು. ಮಿತಿಯ ಅಂಕಿ ಸರಿಯಿದ್ದ ಮಾತ್ರಕ್ಕೆ ಆ ಟ್ರೇಲರನ್ನು ಈ ದೋಣಿಗೆ ಹೊಂದಿಸಿದ್ದಾರೆ ಎಂದರ್ಥವಲ್ಲ ಎಂಬುದು ತಿಳಿದದ್ದು ಹೆದ್ದಾರಿಯ ಮೇಲೆ.

ಮಿನಿಯಾಪೊಲಿಸ್‌ನಿಂದ ಮಿಲ್ ಲ್ಯಾಕ್ಸ್ ಸರೋವರಕ್ಕೆ ಹೋಗುವ 169ನೇ ಹೆದ್ದಾರಿಯಲ್ಲಿ ವೇಗ ಗಂಟೆಗೆ 55 ಮೈಲಿ ದಾಟಿದೊಡನೆ ಟ್ರೇಲರಿನ ಹಿಂಭಾಗ ನಿಧಾನವಾಗಿ ಎಡಕ್ಕೂ ಬಲಕ್ಕೂ ಬಳುಕತೊಡಗಿತು. ಪಕ್ಕದಲ್ಲಿ ದೊಡ್ಡ ಟ್ರಕ್ಕೊಂದು ಹಾದುಹೋದಾಗ ಆ ಬಳುಕು ಒಮ್ಮೆಗೇ ಹೆಚ್ಚಿ, ನನ್ನ ಕಾರಿನ ಹಿಂಬದಿಯನ್ನೇ ಯಾರೋ ಹಿಡಿದು ಅಲುಗಾಡಿಸಿದಂತಾಯಿತು. ಇಂಥ ಸಮಯದಲ್ಲಿ ಬ್ರೇಕನ್ನು ಒತ್ತಲೂಬಾರದು, ಸ್ಟಿಯರಿಂಗನ್ನು ಆ ಕಡೆ ಈ ಕಡೆ ತಿರುಗಿಸಲೂಬಾರದು, ಸ್ಟಿಯರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಕಾಲು ತೆಗೆಯಬೇಕು ಎಂದು ಎಲ್ಲೋ ಓದಿದ್ದು ನೆನಪಿತ್ತು. ಹಾಗೆ ಮಾಡಿ, 45ರ ವೇಗದಲ್ಲಿ ಬಲಬದಿಯ ಸಾಲು ಹಿಡಿದು ಮನೆಗೆ ಮರಳಿದೆ. ಮೀನು ಹಿಡಿಯುವ ಮಾತು ಅಂದಿಗೆ ಮುಗಿಯಿತು.

ಕಾರಣ ಹುಡುಕುವಾಗ ನೆನಪಾದದ್ದು ನಮ್ಮೂರಿನ ಎತ್ತಿನ ಗಾಡಿ. ಭತ್ತದ ಮೂಟೆ ಹೇರಿದ ಮೇಲೆ ಅಜ್ಜ ಎತ್ತು ಹೂಡುವ ಮುಂಚೆ ಮೂಕಿಯನ್ನು ಕೈಯಲ್ಲಿ ಎತ್ತಿ ನೋಡುತ್ತಿದ್ದರು. ಅದು ತೀರ ಹಗುರವಾಗಿ ಮೇಲೆದ್ದರೆ "ಹಿಂಭಾರ ಆಯ್ತು" ಎಂದು ಒಂದು ಮೂಟೆಯನ್ನು ಮುಂದಕ್ಕೆ ಸರಿಸುತ್ತಿದ್ದರು, ಎತ್ತಲಾಗದಷ್ಟು ಭಾರವಾದರೆ "ಮುಂಭಾರ" ಎಂದು ಹಿಂದಕ್ಕೆ ತಳ್ಳುತ್ತಿದ್ದರು. ಟ್ರೇಲರಿನ ಲೆಕ್ಕವೂ ಇದೇ. ಒಟ್ಟು ಭಾರದ ಒಂದು ಪಾಲು ಕಾರಿಗೆ ಸಿಕ್ಕಿಸುವ ಮುಂದಿನ ಕೊಂಡಿಯ ಮೇಲೆ ಕೂರಲೇಬೇಕು. ದೋಣಿಯ ಟ್ರೇಲರಿಗೆ ಶೇಕಡ 7ರಿಂದ 10ರಷ್ಟು ಎಂಬುದನ್ನು ನಾನು ಗುರಿಯಾಗಿ ಇಟ್ಟುಕೊಂಡೆ. ಈ ಪಾಲು ತೀರ ಕಡಿಮೆಯಾದರೆ ಗಾಳಿಯೋ ರಸ್ತೆಯ ಏರಿಳಿತವೋ ಕೊಟ್ಟ ಸಣ್ಣ ತಳ್ಳು ತಾನಾಗಿ ಅಡಗುವ ಬದಲು ಬೆಳೆಯುತ್ತ ಹೋಗುತ್ತದೆ. ತೀರ ಹೆಚ್ಚಾದರೆ ಕಾರಿನ ಹಿಂಭಾಗ ಕುಸಿದು, ಮುಂದಿನ ಚಕ್ರಗಳು ಹಗುರಾಗಿ, ಸ್ಟಿಯರಿಂಗ್ ಹಿಡಿತ ತಪ್ಪುತ್ತದೆ.

ಅಳೆಯಲು ಬೇಕಾದದ್ದು ಸ್ನಾನದ ಮನೆಯಲ್ಲಿ ಇಡುವ ತೂಕದ ಯಂತ್ರವೊಂದೇ. ಆದರೆ ಅದರ ಮೇಲೆ ಇಡೀ ಭಾರವನ್ನು ಇಳಿಸಿದರೆ ಯಂತ್ರ ಕೆಟ್ಟುಹೋಗಬಹುದೆಂದು ಒಂದು ಗಟ್ಟಿ ಹಲಗೆಯನ್ನು ಬಳಸಿದೆ. ಹಲಗೆಯ ಒಂದು ತುದಿಯನ್ನು ಯಂತ್ರದಷ್ಟೇ ಎತ್ತರದ ಮರದ ತುಂಡಿನ ಮೇಲೂ, ಇನ್ನೊಂದು ತುದಿಯನ್ನು ಯಂತ್ರದ ಮೇಲೂ ಕೂರಿಸಿ, ಎರಡು ಕಡೆಯೂ ಅಡಿಯಲ್ಲಿ ಒಂದೊಂದು ಕೊಳವೆಯ ತುಂಡು ಇಟ್ಟೆ. ಟ್ರೇಲರಿನ ಮುಂತುದಿಯನ್ನು ಮರದ ತುಂಡಿನ ಕಡೆಯ ಕೊಳವೆಯಿಂದ ಒಂದು ಅಡಿ, ಯಂತ್ರದ ಕಡೆಯ ಕೊಳವೆಯಿಂದ ಎರಡು ಅಡಿ ದೂರ ಬರುವಂತೆ ಹಲಗೆಯ ಮೇಲೆ ಇಳಿಸಿದರೆ ಯಂತ್ರ ತೋರಿಸುವುದು ನಿಜವಾದ ಭಾರದ ಮೂರನೆಯ ಒಂದು ಭಾಗ. ಅಳತೆಯ ಹೊತ್ತಿಗೆ ಟ್ಯಾಂಕಿನಲ್ಲಿ ಪೆಟ್ರೋಲ್ ತುಂಬಿರಬೇಕು, ಬ್ಯಾಟರಿಗಳು, ಲಂಗರು, ಗಾಳದ ಸಾಮಾನು ಎಲ್ಲವೂ ತಮ್ಮ ತಮ್ಮ ಜಾಗದಲ್ಲಿರಬೇಕು, ಟ್ರೇಲರ್ ಸಮತಟ್ಟಾಗಿ ನಿಂತಿರಬೇಕು. ಯಂತ್ರ 28 ಪೌಂಡ್ ತೋರಿಸಿತು. ಮೂರರಿಂದ ಗುಣಿಸಿದರೆ 84. ಟ್ರಕ್ಕುಗಳನ್ನು ತೂಗುವ ಕಟ್ಟೆಯಲ್ಲಿ ನನ್ನ ಟ್ರೇಲರಿನ ಒಟ್ಟು ಭಾರ ಸುಮಾರು 2,300 ಪೌಂಡ್, ಎಂದರೆ ಸಾವಿರದ ನಲವತ್ತು ಕಿಲೋ ಬಂದಿತ್ತು. ಶೇಕಡ ನಾಲ್ಕೂ ಇಲ್ಲ. ಅಜ್ಜನಾಗಿದ್ದರೆ ಹೆದ್ದಾರಿಯವರೆಗೆ ಹೋಗದೆ ಅಂಗಳದಲ್ಲೇ ಹೇಳಿಬಿಡುತ್ತಿದ್ದರು.

ಇಲ್ಲಿ ನಾನು ಮಾಡಿದ ಮೊದಲ ತಪ್ಪನ್ನು ಹೇಳಬೇಕು. ಎರಡು ಬ್ಯಾಟರಿಗಳನ್ನೂ ಐಸ್ ಪೆಟ್ಟಿಗೆಯನ್ನೂ ದೋಣಿಯ ಮೂತಿಯ ಕಡೆಗೆ ಸಾಗಿಸಿ ಭಾರವನ್ನು ಸರಿದೂಗಿಸಲು ನೋಡಿದೆ. ರಸ್ತೆಯಲ್ಲಿ ಬಳುಕು ಕಡಿಮೆಯಾಯಿತು, ನಿಜ. ಆದರೆ ನೀರಿನಲ್ಲಿ ದೋಣಿ ಮೂತಿ ತಗ್ಗಿಸಿಕೊಂಡು ಓಡತೊಡಗಿ, ಎದುರು ಬಂದ ಪ್ರತಿ ಅಲೆಯನ್ನೂ ನನ್ನ ಮುಖಕ್ಕೆ ಎರಚಿತು. ಟ್ರೇಲರಿನ ದೋಷಕ್ಕೆ ದೋಣಿಯೊಳಗೆ ಮದ್ದು ಹುಡುಕಬಾರದೆಂದು ಅರಿತು ಎಲ್ಲವನ್ನೂ ಹಿಂದಿನ ಜಾಗಕ್ಕೆ ತಂದಿಟ್ಟೆ.

ಅನಂತರ ಟಾರ್ಚ್ ಹಿಡಿದು ಟ್ರೇಲರಿನ ಅಡಿಗೆ ಮಲಗಿ ನೋಡಿದಾಗ ಮೂಲ ದೋಷ ಕಂಡಿತು. ದೋಣಿಯ ಹೊಟ್ಟೆ ಕೂರುವುದು ಬಂಕ್ ಎಂದು ಕರೆಯುವ, ಕಾರ್ಪೆಟ್ ಸುತ್ತಿದ ಎರಡು ಉದ್ದನೆಯ ಮರದ ಪಟ್ಟಿಗಳ ಮೇಲೆ. ಎಂಜಿನ್ ನೇತುಬಿದ್ದಿರುವ ಟ್ರಾನ್ಸಮ್, ಅಂದರೆ ದೋಣಿಯ ಹಿಂಗೋಡೆ, ಆ ಪಟ್ಟಿಗಳ ಮೇಲೆಯೇ ಇರಬೇಕು. ಪಟ್ಟಿಗಳು ಗೋಡೆಯನ್ನು ದಾಟಿ ಒಂದೆರಡು ಇಂಚು ಹಿಂದಕ್ಕೆ ಚಾಚಿದ್ದರೆ ಇನ್ನೂ ಒಳ್ಳೆಯದು. ನನ್ನದರಲ್ಲಿ ಪಟ್ಟಿಗಳು ಗೋಡೆಗಿಂತ ನಾಲ್ಕು ಇಂಚು ಮುಂಚೆಯೇ ಮುಗಿದಿದ್ದವು. 360 ಪೌಂಡ್ ತೂಗುವ ಎಂಜಿನ್ನಿನ ಭಾರ ಆಸರೆಯಿಲ್ಲದ ಅಷ್ಟು ಜಾಗದಲ್ಲಿ ಜಗ್ಗುತ್ತಿತ್ತು. ರಸ್ತೆಯ ಪ್ರತಿ ಗುಂಡಿಯಲ್ಲೂ ಹೀಗೆ ಜಗ್ಗಿ ಜಗ್ಗಿ ದೋಣಿಯ ತಳ ಪಟ್ಟಿಯ ತುದಿಯಲ್ಲಿ ಮಡಿದು ಕೊಂಕು ಬೀಳುತ್ತದೆ. ಒಮ್ಮೆ ಆ ಕೊಂಕು ಬಿದ್ದರೆ ದೋಣಿ ನೀರಿನಲ್ಲಿ ಮತ್ತೆಂದೂ ಸರಿಯಾಗಿ ಓಡದು. ಬಳುಕು ನನ್ನನ್ನು ಹೆದರಿಸಿತ್ತು, ಆದರೆ ಸದ್ದಿಲ್ಲದೆ ಹಾಳು ಮಾಡುತ್ತಿದ್ದದ್ದು ಇದು.

ಎರಡೂ ದೋಷಗಳ ಬೇರು ಒಂದೇ ಆಗಿತ್ತು. ದೋಣಿಯ ಮೂತಿಯನ್ನು ಎಳೆದು ಕಟ್ಟುವ ವಿಂಚಿನ ಕಂಬವನ್ನು ಐದಾರು ಇಂಚು ಹಿಂದಕ್ಕೆ ಬಿಗಿದಿದ್ದರು. ಬೇರೆ ಯಾವುದೋ ದೋಣಿಗೆ ಹೊಂದಿಸಿದ್ದ ಕಂಬವನ್ನು ಹಾಗೆಯೇ ಬಿಟ್ಟಿದ್ದರೆಂದು ನನ್ನ ಊಹೆ. ಅಂಗಡಿಗೆ ಚಿತ್ರಗಳನ್ನು ಕಳುಹಿಸಿದಾಗ ಅವರು ತಪ್ಪನ್ನು ಒಪ್ಪಿಕೊಂಡರು, ಆದರೆ ಸರದಿ ಬರಲು ಮೂರು ವಾರ ಬೇಕೆಂದರು. ಮೇ ತಿಂಗಳಲ್ಲಿ ಮೂರು ವಾರ ಕಾಯುವ ತಾಳ್ಮೆ ನನಗಿರಲಿಲ್ಲ.

ಕೆಲಸವನ್ನು ಯಾವ ಅನುಕ್ರಮದಲ್ಲಿ ಮಾಡುತ್ತೇವೆ ಎಂಬುದು ಇಲ್ಲಿ ಬಹಳ ಮುಖ್ಯ. ಮೊದಲು ಹಿಂಗೋಡೆಗೆ ಆಸರೆ ಸಿಗುವಂತೆ ದೋಣಿಯ ಜಾಗವನ್ನು ನಿಶ್ಚಯಿಸಬೇಕು. ಆ ಮೇಲೆ ಉಳಿಯುವ ಭಾರದ ವ್ಯತ್ಯಾಸವನ್ನು ಆಕ್ಸಲ್ ಸರಿಸಿ ತೀರಿಸಬೇಕು. ಮೊದಲೇ ಆಕ್ಸಲ್ಲಿಗೆ ಕೈ ಹಾಕಿದರೆ, ದೋಣಿಯನ್ನು ಸರಿಸಿದ ಮೇಲೆ ಅದನ್ನು ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ.

ಸ್ನೇಹಿತರೊಬ್ಬರ ಮನೆಯ ಮುಂದಿನ ಡಾಕಿನಲ್ಲಿ ದೋಣಿಯನ್ನು ಕಟ್ಟಿ, ಖಾಲಿ ಟ್ರೇಲರನ್ನು ಮನೆಗೆ ತಂದೆ. ವಿಂಚಿನ ಕಂಬವನ್ನು ಹಿಡಿದಿದ್ದ ಯು ಬೋಲ್ಟುಗಳನ್ನು ಸಡಿಲಿಸಿ ಐದು ಇಂಚು ಮುಂದಕ್ಕೆ ತಳ್ಳಿದೆ. ಕಂಬದ ರಬ್ಬರ್ ಉರುಳೆಯ ಎತ್ತರವನ್ನೂ ಆಗಲೇ ಸರಿಪಡಿಸಿದೆ: ದೋಣಿಯ ಮೂತಿಯ ಕೊಕ್ಕೆ ಉರುಳೆಯ ಅಡಿಗೆ ಬಂದು ತಾಗಬೇಕು. ನನ್ನದರಲ್ಲಿ ಅದು ಮೇಲಿತ್ತು, ಜೋರಾಗಿ ಬ್ರೇಕ್ ಹಾಕಿದರೆ ದೋಣಿ ಉರುಳೆಯನ್ನು ಹತ್ತಿ ಮುಂದಕ್ಕೆ ಬರುವಂತಿತ್ತು.

ಬಂಕ್ ಪಟ್ಟಿಗಳನ್ನೂ ಬದಲಿಸಿದೆ, ಏಕೆಂದರೆ ಒಂದರ ತುದಿ ಸೀಳಿತ್ತು, ಇನ್ನೊಂದರಲ್ಲಿ ಬೋಲ್ಟಿನ ತಲೆ ಮರದ ಮಟ್ಟಕ್ಕಿಂತ ಮೇಲೆದ್ದು ಕಾರ್ಪೆಟ್ಟನ್ನು ಹರಿದು ಹೊಸ ದೋಣಿಯ ತಳದಲ್ಲಿ ಗೀರು ಹಾಕಿತ್ತು. ಮರ ಕೊಳ್ಳಲು ಹೋದಾಗ, ನೀರಿಗೆ ಕೊಳೆಯಬಾರದೆಂದು ರಾಸಾಯನಿಕ ಹಾಯಿಸಿದ ಹಸಿರು ಛಾಯೆಯ ಹಲಗೆಯನ್ನೇ ಎತ್ತಿಕೊಂಡಿದ್ದೆ. ಪುಣ್ಯಕ್ಕೆ ಜೊತೆಗಿದ್ದ ಸ್ನೇಹಿತರು ತಡೆದರು. ಆ ರಾಸಾಯನಿಕದಲ್ಲಿ ತಾಮ್ರವಿರುತ್ತದೆ. ಒದ್ದೆ ಕಾರ್ಪೆಟ್ಟಿನ ಮೂಲಕ ತಾಮ್ರ ತಾಗಿದ ಅಲ್ಯೂಮಿನಿಯಂ ಸವೆದು ತೂತು ಬೀಳುತ್ತದೆ. ಫೈಬರ್ ದೋಣಿಯವರಿಗೆ ಈ ಚಿಂತೆಯಿಲ್ಲ. ನಾನು ಸಾದಾ ಡಗ್ಲಸ್ ಫರ್ ಹಲಗೆಯನ್ನು ತಂದು, ಎಲ್ಲ ಮುಖಗಳಿಗೂ ಕೊಯ್ದ ತುದಿಗಳಿಗೂ ಮರದ ವಾರ್ನಿಷ್ ಮೂರು ಬಾರಿ ಬಳಿದು ಒಣಗಿಸಿದೆ. ಬೋಲ್ಟಿನ ತಲೆಗಳು ಮರದೊಳಗೆ ಅರ್ಧ ಇಂಚು ಹುದುಗುವಂತೆ ಕುಳಿ ಕೊರೆದು, ಹೊಸ ಕಾರ್ಪೆಟ್ಟನ್ನು ಸ್ಟೇನ್‌ಲೆಸ್ ಸ್ಟೀಲ್ ಪಿನ್ನುಗಳಿಂದ ಪಕ್ಕ ಮತ್ತು ಅಡಿಯಲ್ಲಿ ಮಾತ್ರ ಹೊಡೆದೆ. ದೋಣಿಯ ಹೊಟ್ಟೆ ತಾಗುವ ಮೇಲ್ಮೈಯಲ್ಲಿ ಒಂದು ಪಿನ್ನೂ ಇರಕೂಡದು.

ದೋಣಿಯನ್ನು ಮತ್ತೆ ಏರಿಸಿ, ಪಟ್ಟಿಗಳು ಹಿಂಗೋಡೆಯಿಂದಾಚೆ ಒಂದು ಇಂಚು ಚಾಚಿರುವುದನ್ನು ಖಚಿತಪಡಿಸಿಕೊಂಡು ತೂಗಿದಾಗ ಕೊಂಡಿಯ ಮೇಲಿನ ಭಾರ 84ರಿಂದ 135 ಪೌಂಡಿಗೆ ಏರಿತ್ತು. ಇನ್ನೂ ಶೇಕಡ ಆರರೊಳಗೇ ಇತ್ತು. ಆದ್ದರಿಂದ ಮತ್ತೆ ದೋಣಿಯನ್ನು ನೀರಿನಲ್ಲಿ ಬಿಟ್ಟು ಬಂದು, ಆಕ್ಸಲ್ಲಿನ ಸ್ಪ್ರಿಂಗ್ ಪಟ್ಟಿಗಳ ಆಧಾರಗಳನ್ನು ಚೌಕಟ್ಟಿಗೆ ಬಿಗಿದಿದ್ದ ಬೋಲ್ಟುಗಳನ್ನು ಸಡಿಲಿಸಿ ಇಡೀ ಜೋಡಣೆಯನ್ನು ನಾಲ್ಕು ಇಂಚು ಹಿಂದಕ್ಕೆ ಸರಿಸಿದೆ. ಮಡ್‌ಗಾರ್ಡುಗಳನ್ನೂ ಅಷ್ಟೇ ಸರಿಸದಿದ್ದರೆ ಟೈರು ಉಜ್ಜುತ್ತದೆ. ನನ್ನ ಟ್ರೇಲರಿಗೆ ಬ್ರೇಕ್ ಇಲ್ಲದ ಕಾರಣ ಕೆಲಸ ಹಗುರಾಯಿತು. ಮಿನ್ನೆಸೋಟದ ಕಾನೂನು 3,000 ಪೌಂಡ್ ಮತ್ತು ಅದಕ್ಕಿಂತ ಭಾರದ ಟ್ರೇಲರುಗಳಿಗೆ ಬ್ರೇಕ್ ಕೇಳುತ್ತದೆ, ಅಂಥದ್ದರಲ್ಲಿ ಬ್ರೇಕಿನ ಕೊಳವೆಗಳನ್ನೂ ನೋಡಿಕೊಳ್ಳಬೇಕು.

ಆಕ್ಸಲ್ ಸರಿಸುವಾಗ ಚೌಕಟ್ಟಿನ ಮೇಲೆ ಗೆರೆ ಎಳೆದು ಅದನ್ನೇ ನಂಬಿದ್ದು ನನ್ನ ಎರಡನೆಯ ತಪ್ಪು. ಚೌಕಟ್ಟೇ ಪೂರ್ತಿ ನೇರವಾಗಿರುವುದಿಲ್ಲ. ಟೇಪಿನ ಒಂದು ತುದಿಯನ್ನು ಮುಂದಿನ ಕೊಂಡಿಯ ನಟ್ಟನಡುವಿಗೆ ಹಿಡಿದು, ಆಕ್ಸಲ್ಲಿನ ಎಡ ತುದಿಗೂ ಬಲ ತುದಿಗೂ ಇರುವ ದೂರವನ್ನು ಅಳೆದಾಗ ಮುಕ್ಕಾಲು ಇಂಚಿನ ವ್ಯತ್ಯಾಸ ಕಂಡಿತು. ಹಾಗೆಯೇ ಬಿಟ್ಟಿದ್ದರೆ ಟ್ರೇಲರ್ ಓರೆಯಾಗಿ ಓಡಿ, ಟೈರುಗಳು ಒಂದೇ ಬೇಸಿಗೆಯಲ್ಲಿ ಸವೆಯುತ್ತಿದ್ದವು. ರಬ್ಬರ್ ಸುತ್ತಿಗೆಯಿಂದ ತಟ್ಟಿ ತಟ್ಟಿ ವ್ಯತ್ಯಾಸ ಒಂದು ಇಂಚಿನ ಎಂಟನೇ ಒಂದು ಭಾಗಕ್ಕಿಂತ ಕಡಿಮೆಯಾದ ಮೇಲೆಯೇ ಬೋಲ್ಟುಗಳನ್ನು, ಎರಡೂ ಬದಿಗೆ ಸ್ವಲ್ಪ ಸ್ವಲ್ಪವಾಗಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿದೆ. ಐವತ್ತು ಮೈಲಿ ಓಡಿಸಿ ಮತ್ತೆ ಪರೀಕ್ಷಿಸಿದಾಗ ಎರಡು ನಟ್ಟುಗಳು ಇನ್ನೂ ಕಾಲು ಸುತ್ತು ತಿರುಗಿದವು.

ಕೊನೆಯ ತೂಕದಲ್ಲಿ ಯಂತ್ರ 59 ತೋರಿಸಿತು. 177 ಪೌಂಡ್, ಶೇಕಡ ಎಂಟಕ್ಕೆ ತುಸು ಕಡಿಮೆ.

ಚಕ್ರಗಳ ವಿಷಯವನ್ನು ಚುಟುಕಾಗಿ ಹೇಳುತ್ತೇನೆ. ಟೈರಿನ ಮೇಲೆ 50 ಪಿಎಸ್‌ಐ ಎಂದು ಬರೆದಿತ್ತು, ಒಳಗಿದ್ದದ್ದು 32. ಅದರ ಭಾರ ಹೊರುವ ಮಿತಿ ಬರೆದಷ್ಟು ಗಾಳಿಯಿದ್ದಾಗ ಮಾತ್ರ ಸಿಗುತ್ತದೆ. ಎಡ ಚಕ್ರವನ್ನು ಜ್ಯಾಕ್ ಮೇಲೆತ್ತಿ ಮೇಲೂ ಕೆಳಗೂ ಹಿಡಿದು ಅಲುಗಾಡಿಸಿದಾಗ ಬೇರಿಂಗಿನಲ್ಲಿ ಸಡಿಲ ತಿಳಿಯಿತು. ಓಡಿ ಬಿಸಿಯಾದ ಚಕ್ರದ ಗುಂಬವನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ ನೀರನ್ನು ಹೀರಿಕೊಳ್ಳುವುದರಿಂದ ದೋಣಿಯ ಟ್ರೇಲರಿಗೆ ನೀರು ತಡೆಯುವ ಗ್ರೀಸನ್ನೇ ತುಂಬಬೇಕು. ಅದನ್ನು ತುಂಬಿ, ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಹಿಂದಕ್ಕೆ ಸಡಿಲಿಸಿ, ಬೆರಳಿನಷ್ಟೇ ಬಿಗಿಗೆ ತಂದು, ಹೊಸ ಕಾಟರ್ ಪಿನ್ ಹಾಕಿದೆ.

ಮುಂದಿನ ಶನಿವಾರ ಅದೇ 169ನೇ ಹೆದ್ದಾರಿಯಲ್ಲಿ 65ರ ವೇಗದಲ್ಲಿ ಮಿಲ್ ಲ್ಯಾಕ್ಸ್ ತಲುಪಿದೆ. ಟ್ರಕ್ಕುಗಳು ಹಾದುಹೋದಾಗ ಟ್ರೇಲರ್ ಒಮ್ಮೆ ಮಿಸುಕಿ ಸುಮ್ಮನಾಗುತ್ತಿತ್ತು. ದೋಣಿಯ ಮೂತಿ ಐದು ಇಂಚು ಮುಂದೆ ಬಂದಿರುವುದರಿಂದ ಈಗ ಟ್ರೇಲರ್ ಹೂಡಿದಾಗ ಕಾರಿನ ಹಿಂಬಾಗಿಲು ಅರ್ಧ ಮಾತ್ರ ತೆರೆಯುತ್ತದೆ. ಬುತ್ತಿಯ ಚೀಲವನ್ನು ಪಕ್ಕದ ಬಾಗಿಲಿನಿಂದ ತೆಗೆದುಕೊಳ್ಳುತ್ತೇನೆ.