ಹದಿನಾಲ್ಕು ನಿಮಿಷದಾಗ ಹನ್ನೊಂದು ನಿಮಿಷ ನಾನೇ ಮಾತಾಡಿದ್ದೆ

ಪಾಠಯೋಜನೆ ಕೊನೀಗೆ "ಶಿಕ್ಷಕರ ಸ್ವ-ಅವಲೋಕನ" ಅಂತ ಒಂದು ಕಾಲಂ ಇರ್ತೈತಲ್ಲ, ಅದರಾಗ ನಾನು ವರ್ಷಗಟ್ಟಲೆ ಬರ್ದಿದ್ದು ಒಂದೇ ಸಾಲು: ಪಾಠ ಉತ್ತಮವಾಗಿ ಮೂಡಿಬಂದಿದೆ. ಕೆಲವು ಸಲ ಸೋಮವಾರಾನೇ ಶನಿವಾರದ್ದೂ ಬರ್ದಿಟ್ಟೀನಿ, ಸುಳ್ಳ್ಯಾಕ ಹೇಳಲಿ.

ಕುಷ್ಟಗಿ ಕಡೆ ಒಂದು ಸರ್ಕಾರಿ ಶಾಲ್ಯಾಗ ಗಣಿತ ಹೇಳ್ತಿದ್ದೆ. ಒಂದಿನ ಐದನೇ ಕ್ಲಾಸಿಗೆ ಭಿನ್ನರಾಶಿ ಮಾಡುವಾಗ ಸುಮ್ನ ಮೊಬೈಲ್ ರೆಕಾರ್ಡಿಂಗ್ ಆನ್ ಮಾಡಿ ಟೇಬಲ್ ಮ್ಯಾಲೆ ಇಟ್ಟೆ, ರಾತ್ರಿ ಊಟ ಆದಮ್ಯಾಲೆ ಇಯರ್‌ಫೋನ್ ಹಾಕ್ಕೊಂಡು ಕೇಳಿದೆ, ಹತ್ತು ನಿಮಿಷಕ್ಕ ಬಂದ್ ಮಾಡಬೇಕು ಅನ್ನಿಸ್ತು. "ನಾಲ್ಕನೇ ಒಂದು ದೊಡ್ಡದೋ ಎಂಟನೇ ಒಂದು ದೊಡ್ಡದೋ" ಅಂತ ಕೇಳೀನಿ, ಉಸಿರು ಬಿಡೋದ್ರಾಗ ಉತ್ತರಾನೂ ನಾನೇ ಹೇಳೀನಿ. ಅದರ ನಡಕ ಸಣ್ಣ ದನಿ ಒಂದು ಐತಿ: "ಎಂಟು ಮಂದಿ ರೊಟ್ಟಿ ಹಂಚ್ಕೊಂಡ್ರ ಸಣ್ಣ ತುಂಡು ಬರ್ತೈತಲ್ರೀ." ಅಪ್ಪ ಅವ್ವನ ಜೊತಿ ಬೆಂಗಳೂರಿಗೆ ಗುಳೆ ಹೋಗಿ ಬಂದಿದ್ದ ಹುಡುಗ ಅಂವ, ನನ್ನ ವಹಿಯೊಳಗ "ನಿಧಾನ ಕಲಿಕೆ" ಪಟ್ಟ್ಯಾಗ ಇದ್ದ. ಕ್ಲಾಸಿನಾಗ ನಿಂತಾಗ ನನಗ ಆ ಮಾತು ಕೇಳಿಸೇ ಇಲ್ಲ.

ಆಮ್ಯಾಲೆ ಒಂದು ಟ್ರೇನಿಂಗ್‌ನಾಗ ಗೊತ್ತಾತು, ಅಮೆರಿಕಾದಾಗ ಮೇರಿ ಬಡ್ ರೋ ಅನ್ನೋ ಶಿಕ್ಷಣ ಸಂಶೋಧಕರು 1970ರ ಆಸುಪಾಸು ಇದನ್ನೇ ಟೇಪ್ ಮಾಡಿ ನೋಡ್ಯಾರಂತ: ಪ್ರಶ್ನೆ ಕೇಳಿದ ಮಾಸ್ತರು ಕಾಯೋದು ಹೆಚ್ಚುಕಮ್ಮಿ 1 ಸೆಕೆಂಡ್ ಅಷ್ಟ, 3 ಸೆಕೆಂಡ್ ಕಾದ್ರ ಮಕ್ಳ ಉತ್ತರ ಉದ್ದ ಆಗ್ತಾವ, ಸುಮ್ನ ಕೂಡೋ ಮಕ್ಳೂ ಬಾಯಿ ಬಿಡ್ತಾವ. ಮೂರು ಸೆಕೆಂಡ್ ಏನ್ ಮಹಾ ಅಂದ್ಕೋಬ್ಯಾಡ್ರಿ, ಒಮ್ಮೆ ನಿಂತು ನೋಡ್ರಿ. ನಾನು ಕೈ ಹಿಂದ ಕಟ್ಕೊಂಡು ಬೆರಳು ಎಣಿಸ್ತಿದ್ದೆ, ಒಬ್ಬಾಕಿ ಎದ್ದು "ಸರ್, ಮರ್ತ್ರೇನ್ರೀ?" ಅಂದ್ಲು. ಸ್ವ-ಅವಲೋಕನದ ಕಾಲಮ್ಮಿನಾಗ ಅವತ್ತಿಂದ ಬರೆಯೋದು ಒಂದೇ: ಇವತ್ತು ಯಾವ ಹುಡುಗಂದು ಯಾವ ಮಾತು ನನಗ ಹೊಸಾದು ಅನ್ನಿಸ್ತು. ಖಾಲಿ ಬಿಟ್ಟ ದಿನಗೋಳೂ ಅದಾವ, ಅವು "ಉತ್ತಮವಾಗಿ ಮೂಡಿಬಂದಿದೆ" ಅನ್ನೋ ಹಳೇ ಸಾಲಿಗಿಂತ ಖರೇ.

ಸಿಆರ್‌ಪಿ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ, ಸುತ್ತಲಿನ ಶಾಲೆಗೋಳಿಗೆ ಹೋಗಿ ಮಾಸ್ತರಿಗೆ ನೆರವಾಗೋ ಕೆಲಸ) ಆದಮ್ಯಾಲೆ ಬುದ್ಧಿ ಬಂದೈತಿ ಅಂದ್ಕೊಂಡಿದ್ದೆ. ಶಾಲೆಗೆ ಹೋಗೋದು, ಹಿಂದಿನ ಬೆಂಚಿನ್ಯಾಗ ಕೂತು ಪಾಠ ನೋಡೋದು, ಸಂದರ್ಶನ ಪುಸ್ತಕದಾಗ ಏಳೆಂಟು ಸಲಹೆ ಬರ್ದು ಸಹಿ ಹಾಕಿ ಮುಂದಿನ ಶಾಲೆಗೆ ಗಾಡಿ ಹೊಡೆಯೋದು. ಒಬ್ಬ ಮೇಡಮ್ಮರನ್ನ ಕೇಳಿ, ಅವರು ಹೂಂ ಅಂದಮ್ಯಾಲೆ, ಪಾಠ ಮುಗದ ನಂತರದ ನಮ್ಮ ಮಾತುಕತಿ ರೆಕಾರ್ಡ್ ಮಾಡಿದೆ. 14 ನಿಮಿಷ ಇತ್ತು, ಅದರಾಗ 11 ನಿಮಿಷ ನನ್ನ ದನೀನೇ. ಅವರು "ಅಲ್ಲಿ ಮಕ್ಳು ಯಾಕ ತಡವರಿಸಿ ನಿಂತ್ರು ಅಂದ್ರ..." ಅಂತ ಶುರು ಮಾಡ್ಯಾರ, ನಾನು "ಗೊತ್ತಾತು ಗೊತ್ತಾತು" ಅಂತ ಮುಂದ ಹೋಗೀನಿ. ಏನೂ ಗೊತ್ತಾಗಿರಲಿಲ್ಲ ನನಗ!

ಮುಂದಿನ ಸಲ ಹೋದಾಗ ಸಂದರ್ಶನ ಪುಸ್ತಕ ಮುಚ್ಚಿಟ್ಟು ಒಂದೇ ಪ್ರಶ್ನೆ ಕೇಳಿದೆ, "ಆವತ್ತು ಮಕ್ಳು ನಿಂತ್ರಲ್ರೀ ಮೇಡಮ್, ಯಾಕ?" ಬೆರಳು ಎಣಿಸ್ಕೊಂತ ಕೂತೆ. ಲೆಕ್ಕ ಬರ್ತಿತ್ತಂತ, ಆದ್ರ "ಸಮಾನ ಭಾಗ" ಅನ್ನೋ ಪುಸ್ತಕದ ಮಾತೇ ಮಕ್ಕಳಿಗೆ ತಿಳಿದಿರಲಿಲ್ಲ, ಮನ್ಯಾಗ ಅವು "ಸಮಪಾಲು" ಅಂತಾವ. ಅದನ್ನ ಅವರೇ ಹೇಳಿದ್ರು, ಮಾರನೇ ದಿನದಿಂದ ಏನ್ ಮಾಡಬೇಕು ಅನ್ನೋದೂ ಅವರೇ ಹೇಳಿದ್ರು. ನನ್ನ ಪಾಲಿಗೆ ಉಳದಿದ್ದು ಚಾ ಕುಡಿಯೋದು.

ಈಗೂ ತಿಂಗಳಿಗೊಮ್ಮೆ ರೆಕಾರ್ಡ್ ಮಾಡ್ತೀನಿ. "ಗೊತ್ತಾತು" ಕಮ್ಮಿ ಆಗೈತಿ, ಅದರ ಬದ್ಲಿ "ಕರೆಕ್ಟ್ ಅಲ್ರೀ?" ಶುರುವಾಗೈತಿ. ಮೊನ್ನೆ ಎಣಿಸಿದ್ರ 19 ಸಲ.